ಮಗಳ ಕಾಯಿಲೆಗೆ ಪುಸ್ತಕವಿರಲಿಲ್ಲ

ನನ್ನ ಮಗಳ ಕಾಯಿಲೆಗೆ ಸರಿಯಾದ ಹೆಸರು ಸಿಕ್ಕಿದಾಗ ಅವಳು ನಾಲ್ಕನೇ ತರಗತಿಯಲ್ಲಿದ್ದಳು. ಅಲ್ಲಿಯವರೆಗೆ ಅವಳ ಕೆಮ್ಮಿಗೆ ಒಬ್ಬೊಬ್ಬ ಡಾಕ್ಟರು ಒಂದೊಂದು ಹೆಸರಿಟ್ಟಿದ್ದರು. ಅಲರ್ಜಿ ಅಂದರು, ಆಸ್ತಮಾ ಅಂದರು, ನ್ಯುಮೋನಿಯಾ ಅಂದರು. ಒಬ್ಬರು ಟಿ.ಬಿ. ಇರಬಹುದೆಂದು ತಿಂಗಳುಗಟ್ಟಲೆ ಮಾತ್ರೆ ನುಂಗಿಸಿದರು. ಹೊಟ್ಟೆ ತುಂಬ ಉಣ್ಣುತ್ತಿದ್ದಳು, ಮೈಗೆ ಹತ್ತುತ್ತಿರಲಿಲ್ಲ. ಅವಳು ಕೂಸಾಗಿದ್ದಾಗ ನನ್ನ ಅತ್ತೆ ಅವಳ ಹಣೆಗೆ ಮುತ್ತಿಟ್ಟು, ತುಟಿ ಸವರಿಕೊಂಡು, "ಏನೇ ಇದು, ನಿನ್ ಮಗ್ಳು ಮೈಯೆಲ್ಲಾ ಉಪ್ಪುಪ್ಪು ಕಣೇ" ಎಂದಿದ್ದರು. ನಾವೆಲ್ಲ ನಕ್ಕಿದ್ದೆವು. ಕೊನೆಗೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅವಳ ತೋಳಿನ ಬೆವರು ತೆಗೆದು, ಅದರಲ್ಲಿನ ಉಪ್ಪಿನಂಶ ನೋಡಿ, ಇದು ಸಿಸ್ಟಿಕ್ ಫೈಬ್ರೋಸಿಸ್ ಎಂದರು.

ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದರು. ಎದೆಯೊಳಗಿನ ಕಫ ಅಂಟಿನ ಹಾಗೆ ಗಟ್ಟಿಯಾಗುತ್ತದೆ. ತಿಂದದ್ದನ್ನು ಅರಗಿಸುವ ರಸ ಕರುಳಿಗೆ ಇಳಿಯುವುದಿಲ್ಲ, ಅದಕ್ಕೇ ಊಟದ ಜೊತೆ ಮಾತ್ರೆ ಬೇಕು. ಬೆಳಿಗ್ಗೆ ಸಂಜೆ ಬೆನ್ನು ತಟ್ಟಿ ಕಫ ಸಡಿಲ ಮಾಡಬೇಕು. ಹುಟ್ಟಿನಿಂದಲೇ ಬರುವ ಕಾಯಿಲೆ, ಯಾರಿಗೂ ಅಂಟುವುದಲ್ಲ. ಪೂರ್ತಿ ವಾಸಿಯಾಗುವುದೂ ಇಲ್ಲ. ಆಮೇಲೆ, "ಸಂಬಂಧದಲ್ಲೇ ಮದುವೆಯಾ?" ಎಂದು ಕೇಳಿದರು. ನನ್ನ ಗಂಡ ನನ್ನ ಸೋದರತ್ತೆಯ ಮಗ. ಚನ್ನರಾಯಪಟ್ಟಣದ ತೌರಿನಿಂದ ಹೊಳೆನರಸೀಪುರಕ್ಕೆ ನಾನು ಸೊಸೆಯಾಗಿ ಬಂದದ್ದು ಹಾಗೆ. ಸಂಬಂಧವಿಲ್ಲದವರ ಮಕ್ಕಳಿಗೂ ಇದು ಬರುತ್ತದೆ ಎಂದು ಡಾಕ್ಟರಮ್ಮ ಸಮಾಧಾನ ಹೇಳಿದರು. ಆದರೆ ಅತ್ತೆಯ ಕಿವಿಗೆ ಅಷ್ಟು ಹೊತ್ತಿಗಾಗಲೇ ಬೇರೇನೂ ಬೀಳುತ್ತಿರಲಿಲ್ಲ. ಮನೆಗೆ ಬಂದು ನಡುಮನೆಯ ಕಂಬಕ್ಕೆ ಒರಗಿ ಕೂತರು. "ಅಣ್ಣನ್ ಮಗ್ಳು ನಮ್ಮನೇಲೇ ಇರ್ಲಿ ಅಂತ ತಂದ್ಕಂಡೆ. ನಾನೇ ತಂದ್ಕಂಡೆ ಕಣೇ" ಎಂದು ಅದನ್ನೇ ಹೇಳುತ್ತಿದ್ದರು.

ಟಿ.ಬಿ. ಮಾತ್ರೆಯ ಸುದ್ದಿ ಹೇಗೋ ಶಾಲೆಗೆ ತಲುಪಿತ್ತು. ಕೆಲವು ತಂದೆತಾಯಿಯರು ಬಂದು ಗಲಾಟೆ ಮಾಡಿದ್ದರಂತೆ. ಮಗಳನ್ನು ಕೊನೆಯ ಬೆಂಚಿನಲ್ಲಿ ಕಿಟಕಿಯ ಪಕ್ಕ ಒಬ್ಬಳನ್ನೇ ಕೂರಿಸಿದ್ದರು. ಅವಳು ಮನೆಯಲ್ಲಿ ಹೇಳಿರಲಿಲ್ಲ. ಮರೆತ ಟಿಫಿನ್ ಡಬ್ಬಿ ಕೊಡಲು ಹೋದಾಗ ನಾನೇ ನೋಡಿದೆ. ಹೆಡ್‌ಮಿಸ್ಸಿನ ಹತ್ತಿರ ಹೋಗಿ, ಇದು ಅಂಟುವ ಕಾಯಿಲೆಯಲ್ಲ ಎಂದೆ. ಫೋನು ತೆಗೆದು ಅದರಲ್ಲಿದ್ದ ಲೇಖನ ತೋರಿಸಿದೆ. ಅವರು ಕೆಟ್ಟವರಲ್ಲ. "ಫೋನಲ್ಲಿ ಏನ್ ಬೇಕಾದ್ರೂ ಬರುತ್ತೆ ಅಂತಾರೆ ಮೇಡಂ, ಅದೂ ಇಂಗ್ಲಿಷು. ಕನ್ನಡದಲ್ಲಿ ಒಂದು ಪುಸ್ತಕ ಇದ್ರೆ ತಂದ್ಕೊಡಿ. ಪೇರೆಂಟ್ಸ್ ಮುಂದೆ ಇಡ್ತೀನಿ. ಪ್ರಿಂಟಲ್ಲಿದ್ರೆ ನಂಬ್ತಾರೆ" ಎಂದರು.

ಒಂದು ಪುಸ್ತಕ ತಾನೇ ಎಂದುಕೊಂಡೆ. ಸಕ್ಕರೆ ಕಾಯಿಲೆಗೆ ಎಷ್ಟೊಂದಿವೆ, ಮಂಡಿನೋವಿಗೆ ಎಷ್ಟೊಂದಿವೆ.

ನಮ್ಮೂರಿನ ಗ್ರಂಥಾಲಯದಲ್ಲಿ ಆರೋಗ್ಯದ ಪುಸ್ತಕಗಳು ಒಂದು ಕಪಾಟಿನ ತುಂಬ ಇದ್ದವು. ಮನೆಮದ್ದು, ಯೋಗ, ರಕ್ತದೊತ್ತಡ, ಶಿಶುಪಾಲನೆ. ನಾನು ಒಂದೊಂದನ್ನೇ ತೆಗೆದು ಒಳಗಿನ ಪರಿವಿಡಿ ನೋಡುತ್ತ ನೆಲದ ಮೇಲೇ ಕೂತುಬಿಟ್ಟೆ. ಅಲ್ಲಿನವರು ಕುರ್ಚಿ ತಂದು ಹಾಕಿ, ಏನು ಬೇಕು ಎಂದು ಕೇಳಿದರು. ಹೇಳಿದೆ. ಇನ್ನೊಮ್ಮೆ ಹೇಳಿಸಿಕೊಂಡರು. "ಈ ಹೆಸ್ರೇ ಕೇಳಿಲ್ಲ ಕಣಮ್ಮ. ಆಸ್ತಮಾದ್ದು ಒಂದೈತೆ, ಕೊಡ್ಲಾ?" ಬರಿಗೈಯಲ್ಲಿ ಹೋಗಲು ಮನಸ್ಸಾಗದೆ ಅದನ್ನೇ ತಂದು ಓದಿದೆ. ನನ್ನ ಮಗಳು ಅದರೊಳಗೆ ಇರಲಿಲ್ಲ.

ಹಬ್ಬಕ್ಕೆ ತೌರಿಗೆ ಹೋದಾಗ ಚನ್ನರಾಯಪಟ್ಟಣದ ಪುಸ್ತಕದಂಗಡಿಯಲ್ಲಿ ವಿಚಾರಿಸಿದೆ. ಅಂಗಡಿಯ ತುಂಬ ಗೈಡುಗಳು, ನೋಟ್‌ಬುಕ್ಕುಗಳು, ಪಂಚಾಂಗ. ಅಂಗಡಿಯಾತ ಹೆಸರು ಕೇಳಿ, "ಯಾವ ಸಿಲಬಸ್ ಮೇಡಂ? ಸ್ಟೇಟಾ, ಸೆಂಟ್ರಲ್ಲಾ?" ಎಂದ. ಅಪ್ಪ ಪಕ್ಕದಲ್ಲಿದ್ದರು. ಸಂತೆಯಲ್ಲಿ ಎಂಥ ಗಲಾಟೆಗೂ ಜಗ್ಗದ ತೆಂಗಿನಕಾಯಿ ವ್ಯಾಪಾರಿ ಅವರು. ಅಂಗಡಿಯಿಂದ ಇಳಿದು ಬರುವಾಗ ಮುಖ ಆ ಕಡೆ ತಿರುಗಿಸಿಕೊಂಡು ನಡೆದರು.

ಹಾಸನಕ್ಕೆ ತಿಂಗಳ ತಪಾಸಣೆಗೆ ಹೋದ ದಿನ ಮಗಳೂ ನನ್ನ ಜೊತೆ ಇದ್ದಳು. ಮೆಡಿಕಲ್ ಓದುವ ಹುಡುಗರು ಪುಸ್ತಕ ಕೊಳ್ಳುವ ಅಂಗಡಿಯೊಂದಿದೆ ಎಂದು ಯಾರೋ ಹೇಳಿದ್ದರು. ಕೇಳಿದ ಕೂಡಲೇ ಅಂಗಡಿಯವರು ಎರಡು ಕೈಯಲ್ಲಿ ಎತ್ತಬೇಕಾದ ದಪ್ಪ ಇಂಗ್ಲಿಷ್ ಪುಸ್ತಕ ತಂದು ಗಲ್ಲಾದ ಮೇಲೆ ಇಟ್ಟರು. ಹಳೆಯ ಮುದ್ರಣ. ಪುಟ ಹುಡುಕಿ ತೆರೆದೂ ಕೊಟ್ಟರು. ಒಂದು ಪುಟಕ್ಕಿಂತ ಸ್ವಲ್ಪ ಹೆಚ್ಚು. ನಾನು ತಡವರಿಸಿ ಓದುವಷ್ಟರಲ್ಲಿ ಇಂಗ್ಲಿಷ್ ಮೀಡಿಯಮ್ಮಿನ ಮಗಳು ಕುತ್ತಿಗೆ ಚಾಚಿ ಸರಸರನೆ ಓದಿಬಿಟ್ಟಿದ್ದಳು.

"ಅಮ್ಮ, ಇದು ಬಿಳಿ ಜನಕ್ಕೆ ಬರೋದಂತೆ. ಇಂಡಿಯಾದಲ್ಲಿ ಇಲ್ವೇ ಇಲ್ಲ ಅನ್ನೋ ಹಾಗೆ ಬರ್ದಿದಾರೆ."

"ಹಳೇ ಪುಸ್ತಕ ಪುಟ್ಟಿ, ಅವಾಗ ಗೊತ್ತಿರ್ಲಿಲ್ಲ."

ಅವಳ ಬೆರಳು ಇನ್ನೂ ಕೆಳಗಿನ ಸಾಲಿಗೆ ಇಳಿದಿತ್ತು. ಅಲ್ಲಿ ಇಂಥ ಮಕ್ಕಳು ಎಷ್ಟು ದೊಡ್ಡವರಾಗುತ್ತಾರೆ ಎಂಬುದು ಇತ್ತು. ನಾನು ಅಂಗೈಯಿಂದ ಆ ಸಾಲು ಮುಚ್ಚಿದೆ. ತಡವಾಗಿತ್ತು. ಅವಳು ನನ್ನ ಮುಖ ನೋಡಲಿಲ್ಲ. ಪುಸ್ತಕವನ್ನು ತಾನೇ ಮುಚ್ಚಿ, "ಬೇಡ ಬಾ ಅಮ್ಮ, ತುಂಬ ಭಾರ ಇದೆ" ಎಂದಳು. ಬಸ್ಸಿನಲ್ಲಿ ಊರು ಬರುವವರೆಗೆ ನನ್ನ ತೋಳಿಗೆ ಒರಗಿ ಕಿಟಕಿಯಾಚೆ ನೋಡುತ್ತಿದ್ದಳು. ಆ ಸಾಲಿನ ಬಗ್ಗೆ ಆ ದಿನವೂ ಕೇಳಲಿಲ್ಲ, ಮುಂದೆಯೂ ಕೇಳಲಿಲ್ಲ.

ಪುಸ್ತಕ ಸಿಗಲಿಲ್ಲವೆಂದು ಹೆಡ್‌ಮಿಸ್ಸಿಗೆ ಹೇಳಲು ಹೊರಟಾಗ ಮಗಳು ತಡೆದಳು. ಮರುದಿನ ತರಗತಿಯಲ್ಲಿ ತಾನೇ ಎದ್ದು ನಿಂತು ಮಾತಾಡಿದಳಂತೆ. ಅವಳ ಟೀಚರು ಕಣ್ಣೊರೆಸಿಕೊಂಡು ನನಗೆ ಹೇಳಿದ್ದು ಇದು: "ನನ್ ಕೆಮ್ಮು ನಿಮ್ಗ್ಯಾರಿಗೂ ಬರಲ್ಲ. ಬೇಕು ಅಂದ್ರೂ ಬರಲ್ಲ." ಮಕ್ಕಳು ನಕ್ಕರಂತೆ. ಆ ವಾರವೇ ಒಬ್ಬ ಹುಡುಗಿ ತನ್ನ ಚೀಲ ಎತ್ತಿಕೊಂಡು ಬಂದು ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತಳು. ಹತ್ತನೇ ತರಗತಿಯವರೆಗೂ ಆ ಹುಡುಗಿ ಮಗಳ ಪಕ್ಕದಿಂದ ಕದಲಲಿಲ್ಲ.

ಆ ವರ್ಷಗಳು ಕೆಟ್ಟವೇನಲ್ಲ. ಬೆನ್ನು ತಟ್ಟುವುದು, ನೆಬುಲೈಸರ್, ಮಾತ್ರೆ, ಶಾಲೆ. ಮಧ್ಯೆ ಮಧ್ಯೆ ಆಸ್ಪತ್ರೆ. ಅತ್ತೆ ಬೆನ್ನು ತಟ್ಟುವುದನ್ನು ಕಲಿತರು. ತಟ್ಟುತ್ತ ತಟ್ಟುತ್ತ ಸೋಬಾನೆ ಹೇಳುವರು, ಮಗಳು ತಲೆ ತಗ್ಗಿಸಿಕೊಂಡೇ ನಗುವಳು.

ಅವಳು ಹತ್ತನೇ ತರಗತಿಯಲ್ಲಿದ್ದಾಗ ಬೆಂಗಳೂರಿನ ಡಾಕ್ಟರಮ್ಮ ಫೋನು ಮಾಡಿದರು. ಅರಕಲಗೂಡಿನ ಒಂದು ಎಳೆಗೂಸಿಗೆ ಇದೇ ಕಾಯಿಲೆ ಗೊತ್ತಾಗಿದೆ, ತಾಯಿ ದಿಕ್ಕುಗೆಟ್ಟಿದ್ದಾಳೆ, ಒಮ್ಮೆ ಮಾತಾಡುತ್ತೀರಾ ಎಂದರು. ಜೊತೆಗೇ ಒಂದು ಎಚ್ಚರಿಕೆ ಕೊಟ್ಟರು. ಈ ಕಾಯಿಲೆ ಅಂಟುವುದಿಲ್ಲ, ಆದರೆ ಈ ಕಾಯಿಲೆಯವರೊಬ್ಬರ ಎದೆಯಲ್ಲಿ ಸೇರಿಕೊಂಡ ರೋಗಾಣು ಇದೇ ಕಾಯಿಲೆಯ ಇನ್ನೊಬ್ಬರಿಗೆ ಅಪಾಯ. ಮಕ್ಕಳಿಬ್ಬರೂ ಹತ್ತಿರ ಬರಕೂಡದು.

"ನಾನೂ ಬರ್ತೀನಿ, ದೂರಾನೇ ನಿಂತ್ಕೋತೀನಿ" ಎಂದು ಮಗಳು ಹಟ ಮಾಡಿದಳು.

ಅರಕಲಗೂಡಿನ ಆ ಮನೆಯ ಮುಂದೆ ಅಗಲವಾದ ಅಂಗಳವಿತ್ತು. ಮಗಳು ಮಾಸ್ಕ್ ಹಾಕಿಕೊಂಡು ಅಂಗಳದ ಆ ತುದಿಯಲ್ಲಿ, ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಳು. ಈ ತುದಿಯಲ್ಲಿ, ಬಾಗಿಲೊಳಗೆ, ಕೂಸನ್ನು ಮಡಿಲಲ್ಲಿಟ್ಟುಕೊಂಡು ಆ ತಾಯಿ. ಇನ್ನೂ ಚಿಕ್ಕ ಹುಡುಗಿ ಅವಳು. ನನ್ನನ್ನು ಕೇಳಿದ ಮೊದಲ ಮಾತು, "ಅಕ್ಕ, ಇದ್ರ ಬಗ್ಗೆ ಓದಕ್ಕೆ ಯಾವ್ದಾರ ಪುಸ್ತ್ಕ ಸಿಕ್ತದಾ?"

ನಾನು ಉತ್ತರಿಸುವ ಮೊದಲೇ ಮಗಳು ಅಲ್ಲಿಂದ ಕೂಗಿದಳು, "ಇಲ್ಲ ಆಂಟಿ, ನಾನೇ ಹೇಳ್ತೀನಿ ಕೇಳಿ."

ಮನೆಯಿಂದ ತಂದಿದ್ದ ದಿಂಬನ್ನು ತೊಡೆಯ ಮೇಲೆ ಇಟ್ಟುಕೊಂಡು, ಅಂಗೈಯನ್ನು ಬಟ್ಟಲಿನ ಹಾಗೆ ಮಾಡಿ ಹೇಗೆ ತಟ್ಟಬೇಕೆಂದು ತೋರಿಸಿದಳು. ಕ್ಯಾಪ್ಸೂಲು ಬಿಚ್ಚಿ ಹಣ್ಣಿನಲ್ಲಿ ಹೇಗೆ ಕಲಸಬೇಕು, ಸೆಕೆಗಾಲದಲ್ಲಿ ಉಪ್ಪು ಯಾಕೆ ಹೆಚ್ಚು ಬೇಕು, ಎಲ್ಲ ಹೇಳಿದಳು. ನಡುನಡುವೆ ಕೆಮ್ಮು ಬಂದಾಗ ಗೇಟಿನ ಕಡೆ ತಿರುಗಿ ಕೆಮ್ಮುತ್ತಿದ್ದಳು. ತನ್ನಂಥ ಇನ್ನೊಂದು ಜೀವವನ್ನು ಅವಳು ನೋಡಿದ್ದು ಅದೊಂದೇ ಸಲ. ಹೊರಡುವಾಗ ಆ ತಾಯಿ ಕೂಸನ್ನು ಎತ್ತಿ ಹಿಡಿದು ತೋರಿಸಿದಳು. ಮಗಳು ದೂರದಿಂದಲೇ ಕೈ ಬೀಸಿದಳು. ಕಾರಿನಲ್ಲಿ ಕೂತ ಮೇಲೆ, "ಎತ್ಕೋಬೇಕು ಅನ್ನಿಸ್ತು ಅಮ್ಮ" ಎಂದಳು, ಅಷ್ಟೇ.

ಅವಳು ಪಿಯುಸಿ ಸೇರಿದ ವರ್ಷ, ಚಳಿಗಾಲ ಮುಗಿಯುತ್ತಿದ್ದಾಗ, ಹಾಸನದ ಆಸ್ಪತ್ರೆಯಲ್ಲಿ ತೀರಿಕೊಂಡಳು.

ಅಲ್ಲಿಯವರೆಗೆ ವಾರ ವಾರವೂ ಫೋನು ಮಾಡುತ್ತಿದ್ದ ಅರಕಲಗೂಡಿನವಳು ಆಮೇಲೆ ಮಾಡಲಿಲ್ಲ. ಹನ್ನೊಂದರ ದಿನವೂ ಬರಲಿಲ್ಲ. ಮನೆಯವರು ಬೇಸರಪಟ್ಟರು. ನನಗೆ ಬೇಸರವಾಗಲಿಲ್ಲ. ಅವಳ ಜಾಗದಲ್ಲಿದ್ದರೆ ನಾನೂ ಈ ಮನೆಯ ಹೊಸ್ತಿಲು ತುಳಿಯುತ್ತಿರಲಿಲ್ಲ.

ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಮಗುವನ್ನು ಎತ್ತಿಕೊಂಡು ತಾನಾಗಿಯೇ ಬಂದಳು. ಮಗು ದುಂಡಗಾಗಿತ್ತು, ನಡೆಯುತ್ತಿತ್ತು. ಅವಳು ಚಾಪೆಯ ಅಂಚಿನಲ್ಲಿ ಕೂತಳು.

"ಎದ್ರಿಕೆ ಆಗ್ಬುಡ್ತು ಅಕ್ಕ. ಅದ್ಕೇ ಬರ್ಲಿಲ್ಲ."

"ಗೊತ್ತು ಕಣಮ್ಮ."

"ಒಂದ್ ಮಾತು ಕೇಳ್ಲಾ? ಬೇರೆ ಯಾರ್ನೂ ಕೇಳಂಗಿಲ್ಲ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಕೊನೇಲಿ ಬಾಳಾ ಕಷ್ಟಪಟ್ಲಾ?"

ಯಾರೂ ನನ್ನನ್ನು ಅದನ್ನು ಕೇಳಿರಲಿಲ್ಲ. ಗಂಡ ಕೂಡ ಕೇಳಿರಲಿಲ್ಲ, ಅವರೂ ಅಲ್ಲೇ ಇದ್ದರಲ್ಲ. ನಾನು ಹೇಳಿದೆ. ಉಸಿರಿಗಾಗಿ ಅವಳು ಒದ್ದಾಡಿದ ದಿನಗಳನ್ನು ಬಚ್ಚಿಡಲಿಲ್ಲ. ಕೊನೆಯ ದಿನ ಔಷಧಿಯಿಂದ ಒದ್ದಾಟ ನಿಂತದ್ದು, ಬೆಳಗಿನ ಬಿಸಿಲು ಬೇಕೆಂದು ಪರದೆ ಸರಿಸಲು ಹೇಳಿದ್ದು, ತನ್ನ ಅಪ್ಪನ ಹೆಬ್ಬೆರಳು ಹಿಡಿದುಕೊಂಡೇ ನಿದ್ದೆ ಹೋದದ್ದು, ಎಲ್ಲ ಹೇಳಿದೆ. "ನಮ್ಮೋಳ್ದು ತುಂಬ ತಡವಾಗಿ ಗೊತ್ತಾಯ್ತು. ನಿನ್ ಮಗಳ್ದು ಎಳೇ ಕೂಸಾಗಿದ್ದಾಗಲೇ ಗೊತ್ತಾಗಿದೆ. ಔಷಧಿಗಳೂ ಸುಧಾರಿಸ್ತಾ ಇದಾವೆ" ಎಂದೆ. ಅವಳು ಅತ್ತಳು, ನಾನೂ ಅತ್ತೆ. ಮಗು ಒಬ್ಬರಾದ ಮೇಲೊಬ್ಬರಂತೆ ನಮ್ಮಿಬ್ಬರ ಮುಖವನ್ನೂ ನೋಡಿತು.

ಊಟ ಮಾಡಿಸಿ, ಬಸ್ ನಿಲ್ದಾಣದವರೆಗೆ ನಾನೇ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೋದೆ. ದಾರಿಯಲ್ಲಿ ಅದಕ್ಕೆ ಕೆಮ್ಮು ಹತ್ತಿತು. ಅಂಗಡಿಯ ಮುಂದೆ ನಿಂತಿದ್ದವರು ತಿರುಗಿ ನೋಡಿದರು. ತಾಯಿ ಗಾಬರಿಯಿಂದ ಸೆರಗು ತಂದು ಮಗುವಿನ ಬಾಯಿಗೆ ಅಡ್ಡ ಹಿಡಿಯಲು ಬಂದಳು.

"ಬಿಡು, ಚೆನ್ನಾಗಿ ಕೆಮ್ಮಲಿ" ಎಂದೆ. ಕೆಮ್ಮು ನಿಲ್ಲುವವರೆಗೂ ನಾವು ಮೂವರೂ ರಸ್ತೆಯ ಪಕ್ಕದಲ್ಲಿ ನಿಂತಿದ್ದೆವು.