ಎರಡು ಕಡೆಯ ಸಕ್ಕರೆ

ಕೇಸರಿಬಾತನ್ನು ಎರಡೆರಡು ಸಲ ಹಾಕಿಸಿಕೊಂಡು ತಿಂದವರು, ಕೈ ತೊಳೆದ ಮೇಲೆ ಕೇಳಿದರು: "ನಿಮ್ಮ ಮನೇಲಿ ಸಕ್ಕರೆ ಕಾಯ್ಲೆ ಅದಂತಲ್ಲ, ಹೌದಾ?"

ಹೋದ ಭಾನುವಾರದ ಮಾತು. ಸಾಲಿಗ್ರಾಮದಲ್ಲಿ ನನ್ನ ಅಣ್ಣನ ಮಗಳು ಜಯಾಳನ್ನು ನೋಡಲು ಪಿರಿಯಾಪಟ್ಟಣದಿಂದ ಗಂಡಿನ ಕಡೆಯವರು ಬಂದಿದ್ದರು. ಅಣ್ಣನಿಗೆ ಸುಳ್ಳು ಬರುವುದಿಲ್ಲ. ಹೂಂ ಅಂದ. ಅದರಿಂದಲೇ ತನ್ನ ಕಾಲಿನ ಬೆರಳು ತೆಗೆಸಬೇಕಾಯಿತು ಅನ್ನುವುದನ್ನೂ ಹೇಳಿಬಿಟ್ಟ. ಅವರು ಜಯಾಳ ದುಂಡು ಮೈಯನ್ನು ಇನ್ನೊಂದು ಸಲ ಮೇಲಿಂದ ಕೆಳಗೆ ನೋಡಿ ಎದ್ದು ಹೋದರು.

ಹುಡುಗಿ ತಿಂದು ತಿಂದು ಹಾಗಾಗಿದ್ದಾಳೆ ಅಂತ ಬಸ್‌ಸ್ಟಾಂಡಿನಲ್ಲಿ ಆಡಿಕೊಂಡರಂತೆ. ತಿನ್ನೋದೆಲ್ಲಿ ಬಂತು? ಅವಳು ಅರ್ಧ ಮುದ್ದೆ ಮುರಿಯುತ್ತಾಳೆ. ಅವಳ ತಮ್ಮ ಎರಡು ಮುದ್ದೆ ನುಂಗಿಯೂ ಕಡ್ಡಿಯ ಹಾಗಿದ್ದಾನೆ. ಇಬ್ಬರಿಗೂ ಒಂದೇ ಒಲೆಯ ಸಾರು. ನಮ್ಮ ಅತ್ತಿಗೆಯ ತವರಲ್ಲಿ ಹೆಂಗಸರೆಲ್ಲ ಹೀಗೇ ದುಂಡಗೆ. ಅದಕ್ಕೆ ಜಯಾ ಏನು ಮಾಡಬೇಕು?

ನನ್ನ ಸಿಟ್ಟು ಅಲ್ಲಿಗೇ ಮುಗಿಯುತ್ತಿತ್ತು. (ಹೆಣ್ಣು ನೋಡಲು ಬರುವವರ ಮೇಲೆಲ್ಲ ಸಿಟ್ಟು ಮಾಡಿಕೊಂಡು ಕೂತರೆ ಬದುಕೋದು ಯಾವಾಗ?) ಆದರೆ ಸಂಜೆ ನಮ್ಮವರೇ ಜಗಲಿಯಲ್ಲಿ ಕೂತು ಒಂದು ಪ್ಲಾನ್ ಹಾಕಿದರು. ಹೊರಗಿನವರ ಹಂಗೇ ಬೇಡ, ಜಯಾಳನ್ನು ಸೋದರಮಾವನಿಗೇ, ಅಂದರೆ ಅತ್ತಿಗೆಯ ತಮ್ಮ ಶಿವಣ್ಣನಿಗೇ ಕೊಟ್ಟುಬಿಡೋಣ ಅಂತ.

ಶಿವಣ್ಣ ಒಳ್ಳೆಯವನೇ. ಹುಣಸೂರಿನಲ್ಲಿ ತಂಬಾಕು ವ್ಯಾಪಾರ. ಆದರೆ ಮೂವತ್ತೈದಕ್ಕೇ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದಾನೆ.

ನಾನು ಅದನ್ನೇ ಎತ್ತಿದೆ. ದೊಡ್ಡಮ್ಮ ಎಲೆಅಡಿಕೆ ಅಗಿಯುತ್ತಾ ಹೇಳಿದರು: "ಅದೇ ಒಳ್ಳೇದು ಕಣ್ಲಾ. ಅವ್ರ ಮನೇಲೂ ಸಕ್ಕರೆ, ನಮ್ಮನೇಲೂ ಸಕ್ಕರೆ. ಯಾರ್ನ ಯಾರೂ ಆಡ್ಕಳಂಗಿಲ್ಲ."

ಎಲ್ಲರೂ ತಲೆಯಾಡಿಸಿದರು. ಬಿ.ಎ. ಓದಿದ ನನ್ನ ಭಾವನೂ ಆಡಿಸಿದ. ತಲೆ ಕೆಟ್ಟಿದೆಯಾ ಇವರಿಗೆ?

ಮಾರನೇ ದಿನ ಅಣ್ಣನನ್ನು ಎಳೆದುಕೊಂಡು ಕೃಷ್ಣರಾಜನಗರದ ಡಾಕ್ಟರ ಹತ್ತಿರ ಹೋದೆ. ಅವರು ಬಿಡಿಸಿ ಹೇಳಿದರು. ಇದಕ್ಕೆ ಜೀನ್ ಅಂತಾರಂತೆ, ವಂಶದಲ್ಲಿ ಇಳಿದು ಬರುವಂಥದ್ದು. ಒಂದಲ್ಲ, ಹಲವು ಸೇರಿ ಆಟ ಆಡುತ್ತವೆ. ಅಪ್ಪನಿಂದ ಒಂದಿಷ್ಟು, ಅಮ್ಮನಿಂದ ಒಂದಿಷ್ಟು. ಅದಕ್ಕೇ ಅಣ್ಣನಿಗೆ ಬಂದದ್ದು ತಮ್ಮನಿಗೆ ಬಾರದೆಯೂ ಇರಬಹುದು. ಮೈ ಬರುವುದರಲ್ಲೂ ಹೀಗೇ. ಬಂದೇ ಬರುತ್ತೆ ಅಂತಲ್ಲ, ಊಟ, ಓಡಾಟ ಎಲ್ಲವೂ ಲೆಕ್ಕಕ್ಕಿದೆ. "ಆದ್ರೆ ಎರಡೂ ಕಡೆ ಕಾಯಿಲೆ ಇದ್ದು, ಅದರ ಮೇಲೆ ರಕ್ತಸಂಬಂಧದಲ್ಲೇ ಕೊಟ್ರೆ ಮಕ್ಕಳಿಗೆ ರಿಸ್ಕ್ ಜಾಸ್ತಿ ಕಣ್ರೀ. ಹೊರಗೆ ಕೊಡಿ," ಅಂದರು.

ಮನೆಗೆ ಬಂದು ಇದನ್ನು ಹೇಳಿದರೆ ದೊಡ್ಡಮ್ಮ, "ಹುಟ್ಟದೇ ಇರೋ ಮಕ್ಕಳ ಮಾತು ಈಗ್ಯಾಕೆ? ಮೊದ್ಲು ಮದ್ವೆ ಆಗ್ಲಿ ಬುಡು," ಅಂದರು.

ಅಡುಗೆಮನೆಯ ಬಾಗಿಲಲ್ಲಿದ್ದ ಜಯಾ (ಅವಳನ್ನು ಯಾರೂ ಕರೆದಿರಲಿಲ್ಲ) ಆಗ ಬಾಯಿಬಿಟ್ಟಳು. "ಅಪ್ಪನ ಕಾಲಿನ ಗಾಯ ದಿನಾ ತೊಳೆಯೋಳು ನಾನು. ನಾಳೆ ಮಾವಂದು ತೊಳೀತೀನಿ. ಆಮೇಲೆ ಮಗಂದೂ ನಾನೇ ತೊಳೀಬೇಕಾ ಅಜ್ಜೀ?"

"ಬಾಯಿ ಜಾಸ್ತಿ ಆಯ್ತು ಇವಳ್ದು," ಅಂದರು ದೊಡ್ಡಮ್ಮ. ಶುಕ್ರವಾರ ವೀಳ್ಯ ಬದಲಾಯಿಸುವುದು ಅಂತ ತೀರ್ಮಾನವೂ ಆಯಿತು. ನಾನು ಬರುವುದಿಲ್ಲ ಅಂತ ಮುಖಕ್ಕೇ ಹೇಳಿ ಬಂದಿದ್ದೇನೆ.

ಗದ್ದೆ ಪಾಲು ಮಾಡುವಾಗ ಹೆಣ್ಣುಮಗಳಿಗೆ ಒಂದು ಗುಂಟೆಯನ್ನೂ ಕೊಡದವರು, ಕಾಯಿಲೆಯಲ್ಲಿ ಮಾತ್ರ ಎರಡೂ ಕಡೆಯ ಪಾಲನ್ನು ಅವಳ ಮಡಿಲಿಗೇ ಸುರಿಯುತ್ತಾರಲ್ಲ, ಇದು ಯಾವ ಸೀಮೆಯ ನ್ಯಾಯ?