ಗಾಜು ಇಳಿಸಿ ಎನ್ನುತ್ತಿದ್ದವರು

೧೯೬೪ ನವೆಂಬರ್ ೮, ಭಾನುವಾರ. ಬೆಳಿಗ್ಗೆ ಏಳಕ್ಕೆ ಈ ಅಂಕಣ ಬರೆಯಲು ಕುಳಿತೆ.

ಮದ್ರಾಸಿನ ನಮ್ಮ ಅಂಗಡಿಬೀದಿಯ ಉಡುಪಿ ಹೋಟೆಲಿನಲ್ಲಿ ಅವರು ಕಾರುಗಳಿಗೆ ಮಾತ್ರ ಕಾಫಿ ಕೊಡುವ ಸಪ್ಲೈಯರ್. ವಯಸ್ಸು ಐವತ್ತು ದಾಟಿತ್ತು. ಕಾರು ನಿಂತೊಡನೆ ಕಿಟಕಿ ತಟ್ಟಿ, "ಗಾಜು ಸ್ವಲ್ಪ ಇಳ್ಸಿ" ಎಂದು ಕೊಕ್ಕೆಯ ತಟ್ಟೆಯನ್ನು ಗಾಜಿನ ಅಂಚಿಗೇ ಸಿಕ್ಕಿಸುತ್ತಿದ್ದರು. ಸಂಜೆ ಐದರಿಂದ ಏಳರವರೆಗೆ ಸುಮಾರು ಮೂವತ್ತು ಕಾರು ಬರುವುದನ್ನು ನಾನು ಎಣಿಸಿದ್ದೇನೆ.

ದೀಪಾವಳಿಯ ಜನಸಂದಣಿಗೆಂದು ಪೊಲೀಸರು ಬೀದಿಗೆ ಹಗ್ಗ ಕಟ್ಟಿ ಖಾಸಗಿ ಕಾರುಗಳನ್ನು ತಡೆದರು. ಮೊದಲ ಸಂಜೆ ನನ್ನ ಲೆಕ್ಕ ಸೊನ್ನೆ.

"ಒಳಗೆ ಬಡಿಸಬಹುದಲ್ಲ?" ಎಂದೆ.

"ಒಳಗೆ ಜನ ಭರ್ತಿ ಇದ್ದಾರೆ ಮಾರಾಯ್ರೆ. ಕಾರಿಲ್ಲದಿದ್ರೆ ನೀನ್ಯಾಕೆ ಅಂತ ಯಜಮಾನ್ರು ಕೇಳಿಯೂ ಆಯ್ತು."

ಮರುದಿನ ಅವರು ಹಗ್ಗದವರೆಗೆ ಕಾಫಿ ಹೊತ್ತರು. ಇನ್ನೂರ ಎಂಬತ್ತು ಹೆಜ್ಜೆ. ನಾನೂ ಜೊತೆಗೆ ನಡೆದೆ. ಆಚೆ ನಿಂತ ಕಾರಿನಲ್ಲಿ ಹಳೆಯ ಗಿರಾಕಿಯಮ್ಮ ಒಂದು ಗುಟುಕು ಕುಡಿದು ಲೋಟ ಇಟ್ಟರು.

"ಆರಿಪೋಚ್ಚಲ್ಲಪ್ಪಾ, ತಣ್ಣಗಾದ ಇದನ್ನ ಹೇಗೆ ಕುಡಿಯೋದು?"

"ಬೇರೆ ತರ್ತೇನೆ ಅಮ್ಮಾ. ಗಾಜು ಏರಿಸ್ಬೇಡಿ" ಎಂದು ಅವರು ಓಡಿದರು.

ಬಿಸಿ ಕಾಫಿ ಬರುವಷ್ಟರಲ್ಲಿ ಕಾರು ಹೋಗಿತ್ತು. ಅವರು ಲೋಟವನ್ನು ನನ್ನ ಕೈಗೆ ಕೊಟ್ಟು, "ನೀವಾದ್ರೂ ಬಿಸಿ ಇರುವಾಗ ಕುಡೀರಿ" ಎಂದರು. ಆ ರಾತ್ರಿಯೇ ಅವರನ್ನು ಕೆಲಸದಿಂದ ಬಿಡಿಸಿದರಂತೆ.

ಹಬ್ಬ ಮುಗಿದು ಹಗ್ಗ ಬಿಚ್ಚಿದ ಸಂಜೆ ಮೂವತ್ತೊಂದು ಕಾರು ಬಂದವು. ಎಲ್ಲರೂ ಹಾರ್ನ್ ಹೊಡೆದು ಕಾಯುತ್ತಿದ್ದರು.

ಅವರು ಈಗ ಯಾವ ಹೋಟೆಲಿನಲ್ಲಿದ್ದಾರೆಂದು ಬಲ್ಲ ಓದುಗರು ಒಂದು ಕಾರ್ಡು ಬರೆಯಿರಿ. ಅದರ ಮುಂದೆ ಕಾರು ನಿಲ್ಲಲು ಜಾಗವಿದೆಯೇ ಎಂಬುದನ್ನೂ ತಿಳಿಸಿ.