ರೇಷ್ಮೆ ಲಡಿ ತೋರಿಸಿಕೊಟ್ಟ ತಪ್ಪು

ಕೊರೊನಾ ಮುಗಿದ ಮರುವರ್ಷ ನಾನು ಶಿಡ್ಲಘಟ್ಟದಲ್ಲಿ ನೀರು ಸರಬರಾಜಿನ ಎಂಜಿನಿಯರ್ ಆಗಿದ್ದೆ. ಗುಡ್ಡಗಳ ನಡುವಿನ ನಮ್ಮ ಜಲಾಶಯ ಆ ಮಳೆಗಾಲದಲ್ಲಿ ತುಂಬಿ ಕೋಡಿ ಹರಿದಿತ್ತು. ಡ್ಯಾಮಿನ ನೀರು ಬಂತೆಂದು ಊರಿಗೆಲ್ಲ ಖುಷಿ, ನನಗೆ ಜೊತೆಗೆ ಒಂದಿಷ್ಟು ಜಂಬ. ಊರು ಬೆಳೆಯುತ್ತಿತ್ತು, ಅರ್ಜಿ ಹಾಕಿದ ಹೊಸ ಲೇಔಟ್‌ಗಳಿಗೆಲ್ಲ ಧಾರಾಳವಾಗಿ ಕನೆಕ್ಷನ್ ಕೊಡುತ್ತಿದ್ದೆ.

ಆಗ ಶಮೀಮ್ ಬೀ ಆಫೀಸಿಗೆ ಬಂದರು. ಊರಿನ ಕೊನೆಯ ಬೀದಿಯಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ರೀಲರ್, ಅರವತ್ತು ದಾಟಿದ ಹೆಂಗಸು. ಕೈಯಲ್ಲಿದ್ದ ರೇಷ್ಮೆ ನೂಲಿನ ಲಡಿಯನ್ನು ನನ್ನ ಮೇಜಿನ ಮೇಲಿಟ್ಟರು.

"ನಮ್ಮ ನಲ್ಲೀಲಿ ಬರೋದು ಡ್ಯಾಮಿನ ನೀರಲ್ಲ ಸಾಬ್. ಈ ನೂಲು ಮುಟ್ಟಿ ನೋಡಿ, ಎಷ್ಟು ಒರಟು."

ಗಡಸು ನೀರಿನಲ್ಲಿ, ಅಂದರೆ ಸುಣ್ಣದಂಶ ಹೆಚ್ಚಿರುವ ನೀರಿನಲ್ಲಿ, ಗೂಡು ಸಮನಾಗಿ ಬೇಯುವುದಿಲ್ಲ, ನೂಲಿನ ಹೊಳಪೂ ಹೋಗುತ್ತದೆ. ಆದರೆ ಆ ಬೀದಿಯ ನೀರಿನ ಲ್ಯಾಬ್ ರಿಪೋರ್ಟ್ ನನ್ನ ಪರವಾಗಿತ್ತು. ನಿಮ್ಮ ಗೂಡೇ ಸರಿಯಿಲ್ಲವೇನೋ ಎಂದು ಸಾಗಹಾಕಿದೆ. ಅವರು ಜಗಳವಾಡಲಿಲ್ಲ. ಮರುವಾರ ಇನ್ನೊಂದು ಲಡಿ ತಂದು, ಸೋಮವಾರ ಮತ್ತು ಗುರುವಾರದ ನೂಲು ಮಾತ್ರ ಹೀಗಾಗುತ್ತದೆ ಎಂದರು. ನಾವು ಪರೀಕ್ಷೆಗೆ ನೀರು ತೆಗೆಯುತ್ತಿದ್ದುದು ಬುಧವಾರ.

ಆ ಗುರುವಾರ ಬೆಳಿಗ್ಗೆ ಯಾರಿಗೂ ಹೇಳದೆ ಆ ಬೀದಿಯ ಓವರ್‌ಹೆಡ್ ಟ್ಯಾಂಕಿನ ಬಳಿ ಹೋದೆ. ವಾಲ್ವ್‌ಮನ್ ನಾರಾಯಣಪ್ಪ ಹಳೆಯ ಬೋರ್‌ವೆಲ್ಲಿನ ನೀರನ್ನು ಟ್ಯಾಂಕಿಗೆ ತಿರುಗಿಸುತ್ತಿದ್ದರು. ಕುಡಿಯಲು ಯೋಗ್ಯವೆಂದು ಪರೀಕ್ಷೆಯಾಗಿದ್ದ ನೀರೇ, ಆದರೆ ಬಲು ಗಡಸು. ಲಾಗ್ ಪುಸ್ತಕದಲ್ಲಿ ಅದರ ಬಗ್ಗೆ ಒಂದಕ್ಷರವಿಲ್ಲ. ನನಗೆ ಪಿತ್ತ ನೆತ್ತಿಗೇರಿತು. ಗುತ್ತಿಗೆಯಲ್ಲಿದ್ದ ಅವರ ಕೆಲಸವನ್ನು ಖಾಯಂ ಮಾಡುವ ಕಡತ ನನ್ನ ಸಹಿಗೆ ಕಾದಿತ್ತು. ಸಹಿ ಹಾಗಿರಲಿ, ಕೆಲಸದಿಂದಲೇ ತೆಗೆಸುತ್ತೇನೆ ಎಂದು ಕೂಗಾಡಿದೆ.

"ಸೋಮವಾರ, ಗುರುವಾರ ಹೊಸ ಲೇಔಟ್‌ಗಳ ಸರದಿ ಸಾರ್," ಎಂದರು ನಾರಾಯಣಪ್ಪ. "ಇಲ್ಲಿಗೆ ಕಾಲು ಟ್ಯಾಂಕೂ ಬರಲ್ಲ. ಕೊಡ ಹಿಡ್ಕೊಂಡು ನಿಂತೋರಿಗೆ ಏನಂತ ಹೇಳ್ಲಿ? ಬರೆದ್ರೆ ನೀವು ನಿಲ್ಲಿಸಿಬಿಡ್ತೀರ ಅಂತ ಬರೀಲಿಲ್ಲ."

ಆ ಸರದಿ ಪಟ್ಟಿ ನಾನೇ ಮಾಡಿದ್ದು. ಆದರೂ ಸಿಟ್ಟು ಇಳಿಯಲಿಲ್ಲ. ಅವರನ್ನು ನೇರ ಶಮೀಮ್ ಬೀ ಮನೆಗೆ ಕರೆದುಕೊಂಡು ಹೋಗಿ, ಇವರ ಮೇಲೆ ಲಿಖಿತ ದೂರು ಕೊಡಿ ಎಂದೆ. ನಾರಾಯಣಪ್ಪ ತಲೆ ತಗ್ಗಿಸಿಕೊಂಡೇ ನಡೆದದ್ದನ್ನೆಲ್ಲ ಹೇಳಿದರು. ಶಮೀಮ್ ಬೀ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡರು.

"ನೂಲು ನಾಳೆ ತೆಗೆದ್ರೂ ಆಗ್ತದೆ ಸಾಬ್. ಬಾಯಾರಿಕೆ ನಾಳೆವರೆಗೂ ಕಾಯ್ತದಾ? ನಾನು ದೂರು ಕೊಡಲ್ಲ." ಆಮೇಲೆ ನಾರಾಯಣಪ್ಪನ ಕಡೆ ತಿರುಗಿ, "ಅಣ್ಣಾ, ಬೋರ್ ನೀರು ಬಿಡೋ ದಿನ ಒಂದು ಮಾತು ಹೇಳಿಬಿಡಿ. ಅವತ್ತು ಒಲೆ ಹಚ್ಚಲ್ಲ" ಎಂದರು.

ನಾರಾಯಣಪ್ಪ ಅತ್ತುಬಿಟ್ಟರು. ನನಗೆ ಅಲ್ಲಿ ನಿಲ್ಲಲಾರದಷ್ಟು ನಾಚಿಕೆಯಾಯಿತು.

ಆಫೀಸಿಗೆ ಬಂದು ಮೊದಲು ಅವರ ಕಡತಕ್ಕೆ ಸಹಿ ಹಾಕಿದೆ. ಆಮೇಲೆ ಸರದಿ ಪಟ್ಟಿಯನ್ನು ಹರಿದು, ಕೊನೆಯ ಬೀದಿಯಿಂದ ಶುರುಮಾಡಿ ಹೊಸದಾಗಿ ಬರೆದೆ. ಲೇಔಟ್‌ನವರು ಬಂದು ಜಗಳವಾಡಿದರು; ಬೈಸಿಕೊಂಡೆ. ನಿವೃತ್ತಿಯಾಗುವವರೆಗೂ ಪಟ್ಟಿಯನ್ನು ಹಾಗೆಯೇ ಬರೆದೆ. ಈಗಲೂ ಯಾರಾದರೂ ಡ್ಯಾಮ್ ತುಂಬಿತಂತೆ ಎಂದು ಸಂಭ್ರಮದಿಂದ ಹೇಳಿದರೆ, ಕೊನೆಯ ಮನೆಯ ನಲ್ಲಿಯಲ್ಲಿ ನೀರು ಬಂತಾ ಎಂದು ಕೇಳುತ್ತೇನೆ.